ಚಾಂದವಡದ ಟ್ರ್ಯಾಕ್ಟರೂ ನನಗೆ ಬೇಕಾದ ವಕೀಲರೂ

ನಿರ್ಧಾರ ಮಾಡುವುದು ನನ್ನ ಜಾಯಮಾನಕ್ಕೆ ಒಗ್ಗಿದ ಕೆಲಸವಲ್ಲ. ಇದನ್ನು ನಾನು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಇದರಲ್ಲಿ ನನ್ನ ತಪ್ಪು ಕಡಿಮೆ, ನೌಕರಿಯದೇ ಹೆಚ್ಚು. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಸ್ವಂತ ನಿರ್ಧಾರವೆಂಬುದು ಬೇಕಾಗುವುದೇ ಇಲ್ಲ. ಯಾವ ಊರಿನಲ್ಲಿ ಬದುಕಬೇಕು ಎನ್ನುವುದನ್ನು ಹೆಡ್ಡಾಫೀಸು ನಿರ್ಧರಿಸುತ್ತದೆ. ಆ ಊರಿನಲ್ಲಿ ಯಾವ ಮನೆ ಹಿಡಿಯಬೇಕು ಎನ್ನುವುದನ್ನು ಹೆಂಡತಿ ನಿರ್ಧರಿಸುತ್ತಾಳೆ. ಆ ಮನೆಯ ಟೀವಿಯಲ್ಲಿ ಏನು ನೋಡಬೇಕು ಎನ್ನುವುದನ್ನು ಮಗಳು ನಿರ್ಧರಿಸುತ್ತಾಳೆ. ಧಾರವಾಡದಿಂದ ಹೊರಟ ನಾನು ಹೀಗೆ ಪರರ ನಿರ್ಧಾರಗಳ ಬೆನ್ನೇರಿ ಘೋಟಿಗೆ ಹೋದೆ, ಔರಂಗಾಬಾದಿಗೆ ಹೋದೆ, ಕೊನೆಗೆ ನಾಶಿಕಕ್ಕೆ ಬಂದು ಮುಟ್ಟಿದೆ. ಎಲ್ಲಿಯೂ ಯಾವ ತೊಂದರೆಯೂ ಆಗಲಿಲ್ಲ. ಆದರೆ ನಾಶಿಕದಲ್ಲಿದ್ದಾಗ, ಎರಡು ಸಾವಿರದ ಹನ್ನೊಂದೋ ಹನ್ನೆರಡೋ ಇರಬೇಕು, ಯಾರೂ ನನ್ನ ಪರವಾಗಿ ಮಾಡಿಕೊಡಲಾರದ ಒಂದು ನಿರ್ಧಾರ ನನ್ನ ಕೊರಳಿಗೇ ಬಿತ್ತು. ವಕೀಲರನ್ನು ಇಟ್ಟುಕೊಳ್ಳಬೇಕೋ, ಬೇಡವೋ? ಮೂರು ವಾರ ಈ ಒಂದೇ ಪ್ರಶ್ನೆ ನನ್ನನ್ನು ಕೂತಲ್ಲಿ ಕೂರಗೊಡಲಿಲ್ಲ, ನಿಂತಲ್ಲಿ ನಿಲ್ಲಗೊಡಲಿಲ್ಲ.

ನಡೆದದ್ದು ಇಷ್ಟು. ನನ್ನ ಹೆಂಡತಿ ಶಕುಂತಲೆಯ ಅಕ್ಕ ಔರಂಗಾಬಾದಿನಲ್ಲಿದ್ದಳು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರವೆಂದು ಹೆಸರು. ಆಗ ನಾವು ಔರಂಗಾಬಾದ್ ಎನ್ನುತ್ತಿದ್ದೆವು, ನನ್ನ ಬಾಯಲ್ಲಿ ಈಗಲೂ ಅದೇ ಬರುತ್ತದೆ. ಆಕೆಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ಶಕುಂತಲೆ ಎರಡು ತಿಂಗಳಿಂದ ಕೂಸಿಗಾಗಿ ಕುಲಾವಿ ಹೊಲಿಯುತ್ತಿದ್ದಳು. ಅಂಗಡಿಯಲ್ಲಿ ಸಿಗುವಂಥದ್ದಲ್ಲ, ನಮ್ಮ ಕಡೆಯ ಕಸೂತಿ ಹಾಕಿದ್ದು: ಗೋಪುರ, ಆನೆ, ತುಳಸಿ ಕಟ್ಟೆ, ಎಲ್ಲ ಎಳೆ ಎಣಿಸಿ ಎಣಿಸಿ ಹಾಕಬೇಕು, ಹಿಂದೆ ಒಂದು ಗಂಟೂ ಕಾಣಬಾರದು. ಇನ್ನೊಂದು ಆನೆ ಬಾಕಿ ಇತ್ತು. ಅದನ್ನು ಕಾರಿನಲ್ಲಿ ಮುಗಿಸುತ್ತೇನೆಂದು ಸೂಜಿ ದಾರ ಸಮೇತ ಹತ್ತಿದಳು. ನಾಶಿಕದಿಂದ ನೆಟ್ಟಗೆ ಯೇವಲೆಯ ಹಾದಿ ಹಿಡಿದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಚಾಂದವಡದಲ್ಲಿ ರೇಣುಕಾದೇವಿಯ ಗುಡಿಯಿದೆ. ಸವದತ್ತಿ ಯಲ್ಲಮ್ಮನ ಒಕ್ಕಲಾದ ನಮ್ಮ ಮನೆಯವಳಿಗೆ ರೇಣುಕೆ ಎಲ್ಲಿದ್ದರೂ ಒಬ್ಬಳೇ. ಕೂಸಿನ ಕೆಲಸಕ್ಕೆ ಹೊರಟವರು ಆಕೆಯನ್ನು ಕಾಣದೆ ಮುಂದೆ ಹೋಗುವುದುಂಟೆ? ಹಾಗಾಗಿ ಸುತ್ತು ಹಾಕಿದೆವು, ದರ್ಶನ ಮಾಡಿದೆವು, ಅಲ್ಲಿಂದ ಹತ್ತು ನಿಮಿಷದಲ್ಲಿ ಈರುಳ್ಳಿ ಮಾರುಕಟ್ಟೆಯ ಮುಂದೆ ಒಂದು ಟ್ರ್ಯಾಕ್ಟರಿಗೆ ಹೋಗಿ ಗುದ್ದಿದೆವು.

"ಗುದ್ದಿದೆವು" ಎಂದು ಬಹುವಚನ ಬಳಸಿದ್ದನ್ನು ಚತುರ ಓದುಗರು ಗಮನಿಸಿರಬಹುದು. ಕಾರು ನಡೆಸುತ್ತಿದ್ದವನು ನಾನೊಬ್ಬನೇ. ಈರುಳ್ಳಿ ತುಂಬಿದ ಟ್ರಾಲಿ ಎಳೆದುಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರು, ಯಾವ ಕೈಯನ್ನೂ ತೋರಿಸದೆ, ಯಾವ ದೀಪವನ್ನೂ ಹಾಕದೆ, ಮಾರುಕಟ್ಟೆಯ ಗೇಟಿನ ಕಡೆ ಹೊರಳಿತು. ಇದು ಸತ್ಯ. ಆದರೆ ಇದು ಅರ್ಧ ಸತ್ಯ. ಇನ್ನರ್ಧ ಏನೆಂದರೆ ಆ ಹೊತ್ತಿನಲ್ಲಿ ನಾನು ರಸ್ತೆಯನ್ನು ನೋಡುತ್ತಿರಲಿಲ್ಲ. ಎದುರು ಸಾಲಿನಲ್ಲಿ ಬೇರೊಂದು ಬ್ಯಾಂಕಿನವರು ಹೊಸ ಶಾಖೆ ತೆರೆದಿದ್ದರು. ಗಾಜಿನ ಬಾಗಿಲು, ಹೊರಗೆ ಎಟಿಎಮ್ಮು, ಎಟಿಎಮ್ಮಿನ ಮುಂದೆ ಪಟಕಾ ಸುತ್ತಿದ ರೈತರ ಸಾಲು. ಬ್ಯಾಂಕಿನವನಿಗೆ ಇನ್ನೊಂದು ಬ್ಯಾಂಕಿನ ಶಾಖೆ ಕಂಡರೆ ಆಗುವ ಸಂಕಟ ಹೊರಗಿನವರಿಗೆ ತಿಳಿಯುವುದಿಲ್ಲ. ಚಾಂದವಡದಲ್ಲಿ ಶಾಖೆ ತೆರೆಯಿರಿ ಎಂದು ನಾನು ವರದಿ ಬರೆದು ಕಳಿಸಿದ್ದೆ. ನಮ್ಮವರು ಅದರ ಮೇಲೆ ಕೂತಿದ್ದರು. ಕತ್ತನ್ನು ಪೂರ್ತಿ ಬಲಕ್ಕೆ ತಿರುಗಿಸಿ ಆ ಸಾಲಿನಲ್ಲಿ ಎಷ್ಟು ಜನ ಇದ್ದಾರೆಂದು ಎಣಿಸುತ್ತಿದ್ದೆ. ಹನ್ನೊಂದಕ್ಕೆ ಬಂದಿದ್ದೆ. "ರೀ, ಮುಂದ ನೋಡ್ರಿ!" ಎಂದು ಶಕುಂತಲೆ ಕೂಗಿದಳು. ಮುಂದೆ ನೋಡುವಷ್ಟರಲ್ಲಿ ಮುಂದೆ ಎನ್ನುವುದೇ ಉಳಿದಿರಲಿಲ್ಲ.

ಘೋಟಿಯಲ್ಲಿದ್ದಾಗ ನನಗೆ ಕಾರು ಕಲಿಸಿದ ಗುರುಗಳು ಒಂದೇ ಮಾತನ್ನು ಸಾವಿರ ಸಲ ಹೇಳುತ್ತಿದ್ದರು: "ಸಾಹೇಬ, ಗಾಡಿ ನಜರ್ ಇದ್ದ ಕಡೆ ಹೋಗುತ್ತದೆ." ಸಂತೆಯಿಲ್ಲದ ದಿನ ಸಂತೆಯ ಬಯಲಿನಲ್ಲಿ ನನ್ನನ್ನು ಸುತ್ತಿಸುತ್ತಿದ್ದರು. ನಾನು ಯಾವಾಗಲೂ ಗೇರಿನ ಕೋಲನ್ನೇ ನೋಡುತ್ತಿದ್ದುದರಿಂದ ಅವರು ಕೊನೆಗೆ ಅದರ ಮೇಲೆ ತಮ್ಮ ಟೊಪ್ಪಿಗೆ ಮುಚ್ಚಿ ಕಲಿಸಿದರು. ಅವರ ಮಾತು ನನ್ನ ವಿಷಯದಲ್ಲಿ ಸುಳ್ಳಾಯಿತು. ನನ್ನ ನಜರು ಬ್ಯಾಂಕಿನ ಕಡೆ ಇತ್ತು, ಗಾಡಿ ಟ್ರ್ಯಾಕ್ಟರಿನ ಕಡೆ ಹೋಯಿತು.

ಜೋರಾದ ಪೆಟ್ಟೇನಲ್ಲ. ಕಾರಿನ ಮೂತಿ ಚಪ್ಪಟೆಯಾಯಿತು, ಬಾನೆಟ್ಟಿನ ಮೇಲೆ ಎರಡು ಬುಟ್ಟಿಯಷ್ಟು ಈರುಳ್ಳಿ ಬಂದು ಕೂತಿತು. ನನಗೆ ಕೂದಲೂ ಕೊಂಕಲಿಲ್ಲ. ಆದರೆ ಶಕುಂತಲೆ ಬಲಗೈಯನ್ನು ಮುಂದೆ ಚಾಚಿ ಡ್ಯಾಶ್‌ಬೋರ್ಡಿಗೆ ಆನಿಸಿದ್ದಳು. ಮಣಿಕಟ್ಟು ಮುರಿಯಿತು. ಆಕೆ ಅಳಲಿಲ್ಲ, ಕಿರುಚಲೂ ಇಲ್ಲ. "ಸೂಜಿ ಎಲ್ಲಿ ಬಿತ್ತು ನೋಡ್ರಿ, ಕಾಲಿಗೆ ಚುಚ್ಚೀತು" ಎಂದಳು. ಆಕೆಯ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಟ್ರ್ಯಾಕ್ಟರಿನಿಂದ ಎಪ್ಪತ್ತರ ಆಸುಪಾಸಿನ ಒಬ್ಬ ಮುದುಕ ಇಳಿದು ಬಂದ. ಬಿಳಿ ಟೊಪ್ಪಿಗೆ, ಮೊಣಕಾಲವರೆಗೆ ಧೋತರ. ನಾನು ಜಗಳಕ್ಕೆ ಮೊದಲ ವಾಕ್ಯ ಹುಡುಕುತ್ತಿದ್ದಾಗ ಅವನು ತನ್ನ ಹೆಗಲ ಮೇಲಿನ ವಸ್ತ್ರ ಹರಿದು, ನೀರಲ್ಲಿ ಅದ್ದಿ, ಆಕೆಯ ಕೈಗೆ ಸುತ್ತಿ, ಕೊರಳಿಗೆ ಜೋಳಿಗೆ ಕಟ್ಟಿಕೊಟ್ಟಿದ್ದ. ನಮ್ಮನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವನೂ ಅವನೇ, ಆಮೇಲೆ ಪೊಲೀಸ್ ಠಾಣೆಗೆ ನನ್ನ ಜತೆ ಬಂದವನೂ ಅವನೇ.

ಠಾಣೆಯಲ್ಲಿ ಹವಾಲ್ದಾರರು ಹೆಸರು ಕೇಳಿದರು. "ದೇಶಪಾಂಡೆ" ಎಂದೆ. ಮಹಾರಾಷ್ಟ್ರದಲ್ಲಿ ದೇಶಪಾಂಡೆ ಎಂದು ಹೆಸರು ಹೇಳಿ, ಮೇಲೆ ಮರಾಠಿ ಓದಲು ಸರಿಯಾಗಿ ಬರುವುದಿಲ್ಲ ಎಂದು ಹೇಳಲು ಬಹಳ ಧೈರ್ಯ ಬೇಕು. ಮಾತು ಬರುತ್ತದೆ, ಅಚ್ಚಾದದ್ದನ್ನು ಓದುತ್ತೇನೆ, ಆದರೆ ಪೊಲೀಸರ ಕೈಬರಹ ಎಂಬುದು ಮರಾಠಿಯೂ ಅಲ್ಲ, ಹಿಂದಿಯೂ ಅಲ್ಲ. ಅವರು ಕೇಳಿದರು, ನಾನು ಹೇಳಿದೆ, ಅವರು ಬರೆದುಕೊಂಡರು. "ನಿಮ್ಮ ಲಕ್ಷ್ಯ ಎಲ್ಲಿತ್ತು?" ಎಂದರು. "ರಸ್ತೆಯ ಮೇಲೆಯೇ ಇತ್ತು, ಪೂರ್ತಿ" ಎಂದೆ. ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೈ ಕಟ್ಟಿಸಿಕೊಂಡು ಕೂತಿದ್ದ ಶಕುಂತಲೆ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಅಷ್ಟೇ. ಮತ್ತೆ ನೆಲ ನೋಡಿದಳು. ಮುದುಕನೂ ತನ್ನ ಮಾತನ್ನು ಬರೆಸಿದ. ನನಗೆ ಅದನ್ನು ಕೇಳುವ ವ್ಯವಧಾನವಿರಲಿಲ್ಲ, ಹೊರಗೆ ಹೋಗಿ ಔರಂಗಾಬಾದಿಗೆ ಫೋನು ಮಾಡುತ್ತಿದ್ದೆ. ಒಳಗೆ ಬಂದಾಗ ಮೇಜಿನ ಮೇಲೆ ಕಾಗದಗಳಿದ್ದವು, ಸಹಿ ಮಾಡಿದೆ. "ನಿಮ್ಮ ನಿಮ್ಮಲ್ಲೇ ಮುಗಿಸಿಕೊಂಡರೆ ಒಳ್ಳೆಯದು. ಇಲ್ಲವೆಂದರೆ ವಕೀಲರನ್ನು ಹಿಡಿದು ಬನ್ನಿ" ಎಂದು ಹವಾಲ್ದಾರರು ಎರಡೂ ದಾರಿಗಳನ್ನು ತೆರೆದಿಟ್ಟು ಚಹಾಕ್ಕೆ ಎದ್ದರು.

ಮನೆಗೆ ಬಂದ ಮೇಲೆ ನಮ್ಮ ಸಂಸಾರ ತಲೆಕೆಳಗಾಯಿತು. ಆರು ವಾರ ಪ್ಲಾಸ್ಟರ್ ಎಂದರು ಡಾಕ್ಟರು. ಆಮೇಲೂ ಬೆರಳಿಗೆ ಸಣ್ಣ ಕೆಲಸ ಹಿಡಿಸಲು ತಡವಾಗಬಹುದು ಎಂದರು. ಕುಲಾವಿಯನ್ನು ಅರ್ಧ ಆನೆಯ ಸಮೇತ ಪೆಟ್ಟಿಗೆಯಲ್ಲಿಟ್ಟಳು. ಕೂಸು ನಮ್ಮನ್ನು ಬಿಟ್ಟೇ ತೊಟ್ಟಿಲು ಏರಿತು. ಅಡಿಗೆಮನೆ ನನ್ನ ಪಾಲಿಗೆ ಬಂತು. ನನ್ನ ಚಪಾತಿಗಳನ್ನು ನೋಡಿ ಮಗಳು "ಪಪ್ಪಾ, ಹಾ ಕೋಣತಾ ದೇಶ್?" ಎಂದು, ಭೂಪಟದಲ್ಲಿ ದೇಶ ಹುಡುಕುವ ಆಟವನ್ನೇ ಶುರು ಮಾಡಿದಳು. ದಿನಾ ಬೆಳಿಗ್ಗೆ ಶಕುಂತಲೆಗೆ ಹೆರಳು ಹಾಕುವ ಕೆಲಸವೂ ನನ್ನದಾಯಿತು. ಇಪ್ಪತ್ತೈದು ವರ್ಷದಲ್ಲಿ ನಾನು ಆಕೆಯ ತಲೆಯನ್ನು ಹಿಂದಿನಿಂದ ಅಷ್ಟು ಹೊತ್ತು ನೋಡಿರಲಿಲ್ಲ. ಎಷ್ಟು ಬಿಳಿ ಕೂದಲಾಗಿವೆ ಎಂದು ಆಗ ಗೊತ್ತಾಯಿತು. ಹೆರಳು ಹಾಕುವಾಗ ಎದುರಿಗೆ ಕನ್ನಡಿ ಇರುತ್ತಿತ್ತು. ಆಕೆ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದಳು. ಬೈದಿದ್ದರೆ ಸುಖವಾಗಿರುತ್ತಿದ್ದೆ. "ಎಲ್ಲಿ ನೋಡ್ಲಿಕ್ಹತ್ತಿದ್ರಿ?" ಎಂದು ಒಂದು ಸಲ ಕೇಳಿದ್ದರೂ ಸಾಕಿತ್ತು, ನಾನು ಜಗಳವಾಡಿ ಹಗುರಾಗುತ್ತಿದ್ದೆ. ಆಕೆ ಕೇಳುತ್ತಿದ್ದುದು ಒಂದೇ: "ಆತೇನ್ರಿ? ಬಿಗಿ ಆಗಿಲ್ಲಲ್ಲ?"

ಅಪಘಾತದ ಸುದ್ದಿ ತಿಳಿದು ಮೊದಲು ಬಂದವರು ಪಾಟೀಲರು. ವಿಜಾಪುರದವರು, ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರು. ವಿಮಾನ ಮಾಡುವವರಿಗೆ ಕಾರು ಟ್ರ್ಯಾಕ್ಟರುಗಳೆಲ್ಲ ಮಕ್ಕಳ ಆಟಿಕೆ. ನಮ್ಮ ಊಟದ ಮೇಜಿನ ಮೇಲೆ ಸ್ಟೀಲಿನ ಲೋಟವೊಂದನ್ನು ಕಾರು ಮಾಡಿದರು, ಚೂಡಾದ ಬಟ್ಟಲನ್ನು ಟ್ರ್ಯಾಕ್ಟರು ಮಾಡಿದರು, ಚಮಚವನ್ನು ಮಾರುಕಟ್ಟೆಯ ಗೇಟು ಮಾಡಿದರು. ಚಾಂದವಡದ ಘಟನೆಯನ್ನು ಏಳು ಸಲ ಮರಳಿ ಮಾಡಿಸಿದರು. ಪ್ರತಿ ಸಲವೂ ತಪ್ಪು ಚೂಡಾದ್ದೇ.

"ದೇಶಪಾಂಡೆ ಸಾಹೇಬ್ರ, ಇದರಾಗ ವಿಚಾರ ಮಾಡೂದು ಏನೂ ಇಲ್ರೀ" ಎಂದರು, ಟ್ರ್ಯಾಕ್ಟರಿನಿಂದ ಒಂದು ಮುಷ್ಟಿ ಚೂಡಾ ತೆಗೆದು ಬಾಯಿಗೆ ಹಾಕಿಕೊಂಡು. "ತಪ್ಪು ಪೂರಾ ಅವಂದ ಐತಿ. ವೈನಿಯವರ ಕೈ ಮುರದೈತಿ. ಸುಮ್ನ ಕುಂತ್ರ ಹೆಂಗ? ನಮ್ಮ ಬೋರಸೆ ವಕೀಲರ ಕಡೆ ಹೋಗ್ರಿ. ಭಾರಿ ಮನಷಾ. ನೀವು ಒಂದ ಹೇಳ್ರಿ, ಟ್ರ್ಯಾಕ್ಟರ್ ಹೊಳ್ಳೂದು ನಿಮಗ ಎಷ್ಟ ದೂರದಿಂದ ಕಾಣಿಸ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಯಿತು, ಅದು ಈಗಲೂ ಬಲಕ್ಕೆ ತಿರುಗಿಯೇ ಇದೆಯೇನೋ ಎಂಬಂತೆ. "ಅಂದರೆ... ಅಷ್ಟೇನು ದೂರ ಇರಲಿಲ್ಲ..." ಎಂದು ತಡವರಿಸಿದೆ. ಶಕುಂತಲೆ ಎಡಗೈ ಚಾಚಿ ಕಾರನ್ನು ಮೇಜಿನಿಂದ ಎತ್ತಿದಳು. "ಚಹಾಕ್ಕ ಲೋಟ ಕಡಿಮಿ ಬಿದ್ದಾವು" ಎಂದು ಒಳಗೆ ಹೋದಳು.

ಪಾಟೀಲರು ಹೋದ ಮೇಲೆ ನಾನು ಆಕೆಯನ್ನೇ ಕೇಳಿದೆ: ವಕೀಲರನ್ನು ಇಟ್ಟುಕೊಳ್ಳೋಣವೇ? "ನಿಮಗ ಹ್ಯಾಂಗ ತಿಳೀತದೋ ಹಂಗ ಮಾಡ್ರಿ" ಎಂದಳು. ಮದುವೆಯಾದ ಗಂಡಸರಿಗೆ ನಾನು ಬೇರೆ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಇದಕ್ಕಿಂತ ಭಯಂಕರವಾದ ವಾಕ್ಯ ಇನ್ನೊಂದಿಲ್ಲ. ಮೇಲೆ ನೋಡಿದರೆ ಪೂರ್ಣ ಸ್ವಾತಂತ್ರ್ಯ ಕೊಟ್ಟಂತೆ ಕಾಣುತ್ತದೆ, ಒಳಗೆ ಬಲೆಯಿರುತ್ತದೆ. ಮಾಡಿದರೂ ತಪ್ಪು, ಬಿಟ್ಟರೂ ತಪ್ಪು, ಕೇಳಿದ್ದಂತೂ ಮೊದಲನೆಯ ತಪ್ಪು.

ಮರುದಿನ ಪಕ್ಕದ ಮನೆಯ ಕಾಕು ಬಂದರು. ಎಪ್ಪತ್ತು ದಾಟಿದ ಮರಾಠಿ ಹೆಣ್ಣುಮಗಳು, ಗಂಡ ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತಿಯಾದವರು. ವಕೀಲರ ಮಾತು ಕೇಳಿದೊಡನೆ ಎರಡೂ ಕೈ ಎತ್ತಿ "ಶಹಾಣ್ಯಾನೆ ಕೋರ್ಟಾಚೀ ಪಾಯರೀ ಚಢೂ ನಯೇ!" ಎಂದರು. ಜಾಣನಾದವನು ಕೋರ್ಟಿನ ಮೆಟ್ಟಿಲು ಹತ್ತಬಾರದು ಎಂದು ಅರ್ಥ. ನಮ್ಮಲ್ಲಿಯೂ ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಎರಡು ಭಾಷೆಯ ಹಿರಿಯರು ಒಂದೇ ಮಾತು ಹೇಳಿದ್ದಾರೆಂದ ಮೇಲೆ ಕೇಳಬೇಕಲ್ಲವೇ? ಕೇಳಿದೆ. ಅಂದು ಸಂಜೆಯವರೆಗೆ ವಕೀಲರು ಬೇಡವೆಂದು ನಿಶ್ಚಯ ಮಾಡಿಕೊಂಡಿದ್ದೆ. ಸಂಜೆ ಗ್ಯಾರೇಜಿಗೆ ಹೋಗಿ ಚಪ್ಪಟೆಯಾದ ಕಾರಿನ ಮೂತಿ ನೋಡಿದೆ, ಕೈ ತೋರಿಸದ ಮುದುಕ ನೆನಪಾದ, ರಕ್ತ ಕುದಿಯಿತು, ವಕೀಲರು ಬೇಕೇ ಬೇಕು ಎನಿಸಿತು. ಮನೆಗೆ ಬಂದು ಆಕೆ ಎಡಗೈಯಲ್ಲಿ ಚಮಚ ಹಿಡಿದು ಅನ್ನ ಕಲಸಲು ಒದ್ದಾಡುವುದನ್ನು ನೋಡಿದೆ, ರಕ್ತ ತಣ್ಣಗಾಯಿತು, ಯಾರೂ ಬೇಡ ಎನಿಸಿತು. ಮುಂದೆ ಇದೇ ದಿನಚರಿಯಾಯಿತು. ಆಫೀಸಿನಲ್ಲಿ ಬೇಕು, ಮನೆಯಲ್ಲಿ ಬೇಡ. ಬಸ್ಸಿನಲ್ಲಿ ಬೇಕು, ಹೆರಳು ಹಾಕುವಾಗ ಬೇಡ.

ಮಗಳು ಗೌರಿ ಆಗ ಕಾಲೇಜಿನಲ್ಲಿದ್ದಳು. ಘೋಟಿಯಲ್ಲಿ ಅಂಬೆಗಾಲಿಟ್ಟು, ಔರಂಗಾಬಾದಿನಲ್ಲಿ ಶಾಲೆಗೆ ಹೋಗಿ, ನಾಶಿಕದಲ್ಲಿ ದೊಡ್ಡವಳಾದವಳು. ಕನ್ನಡ ಎಲ್ಲ ತಿಳಿಯುತ್ತದೆ, ಆಡುವಾಗ ಮಾತ್ರ ಮೂರು ಭಾಷೆಗಳ ಮಿಸಳ್ ಆಗುತ್ತದೆ. ನಾನು ಮನೆಯೊಳಗೆ ಶತಪಥ ತಿರುಗುವುದನ್ನು ನೋಡಿ ನೋಡಿ ಅವಳಿಗೆ ತಲೆ ತಿರುಗಿರಬೇಕು. "ಪಪ್ಪಾ, ತುಮ್ಹೀ ಸಗಳ್ಯಾಂನಾ ಕೇಳಿದ್ರಿ. ಪಾಟೀಲ ಅಂಕಲ್, ಕಾಕು, ಬ್ಯಾಂಕ್‌ನವ್ರು. ಪಣ ಅಮ್ಮನ್ನ ನಹೀ ಕೇಳಿದ್ರಿ" ಎಂದಳು. "ಕೇಳೀನಲ್ಲ, ನಿಮಗ ತಿಳಿದಂಗ ಮಾಡ್ರಿ ಅಂದಳು" ಎಂದೆ. "ವಕೀಲಂದಲ್ಲ ಪಪ್ಪಾ. ಏನು ಝಾಲಂ ಅದನ್ನ. ಅಮ್ಮ ತಿಥೇಚ್ ಹೋತೀ ನಾ? ಅವಳು ನೋಡ್ಯಾಳಲ್ಲ?" ಎಂದಳು. ಅಲ್ಲೇ ಇದ್ದ ಅಮ್ಮನನ್ನು ಏನಾಯಿತೆಂದು ಕೇಳಿಲ್ಲ ಎನ್ನುವ ಆ ಮಾತು, ಭಾಷೆ ಹೇಗಾದರೂ ಇರಲಿ, ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಪರೀಕ್ಷೆ ಹತ್ತಿರ ಬಂತಲ್ಲ, ಹೋಗಿ ಓದಿಕೋ ಎಂದು ಗದರಿದೆ. ತಂದೆಯಾದವನಿಗೆ ಇದೊಂದು ಸೌಲಭ್ಯವಿದೆ.

ಕೊನೆಗೆ ನನ್ನನ್ನು ಬೋರಸೆ ವಕೀಲರ ಹತ್ತಿರ ತಳ್ಳಿದ್ದು ಧೈರ್ಯವೂ ಅಲ್ಲ, ವಿವೇಕವೂ ಅಲ್ಲ, ಈ ಚಡಪಡಿಕೆಯೇ. ಯಾರಾದರೂ ಒಬ್ಬ ತಿಳಿದವರು ಕಪ್ಪು ಕೋಟು ಹಾಕಿಕೊಂಡು "ದೇಶಪಾಂಡೆ ಸಾಹೇಬರೇ, ತಪ್ಪು ನಿಮ್ಮದಲ್ಲ" ಎಂದುಬಿಟ್ಟರೆ ನನಗೆ ಸಮಾಧಾನವಾಗುತ್ತದೆ ಎಂದು ಆಸೆಯಿತ್ತು. ಹಳೆಯ ಬಸ್ ನಿಲ್ದಾಣದ ಹತ್ತಿರ, ಕೋರ್ಟಿನೆದುರಿನ ಓಣಿಯಲ್ಲಿ ಮೂರನೆಯ ಮಹಡಿಯಲ್ಲಿ ಅವರ ಆಫೀಸು. ಮೊದಲ ಸಲ ನಾನೊಬ್ಬನೇ ಹೋದಾಗ ಎಲ್ಲವನ್ನೂ ಕೇಳಿಸಿಕೊಂಡು, ಮುಂದಿನ ವಾರ ಚಾಂದವಡದ ಕೋರ್ಟಿನಲ್ಲಿ ತಮಗೆ ಬೇರೆ ಕೆಲಸವಿದೆ, ಬರುವಾಗ ಠಾಣೆಯಿಂದ ಕಾಗದಗಳ ನಕಲು ತರುತ್ತೇನೆ ಎಂದರು. "ಬರುವಾಗ ಮ್ಯಾಡಮ್ಮನವರನ್ನೂ ಕರೆತನ್ನಿ" ಎಂದರು. ನಾನು ಮನೆಯಲ್ಲಿ ಹೇಳಿದೆ. ಶಕುಂತಲೆ ಆ ದಿನಕ್ಕೆ ಇಳಕಲ್ ಸೀರೆ ತೆಗೆದಿಟ್ಟಳು. ಗೌರಿ ಉಡಿಸಿಕೊಟ್ಟಳು. ಮೂರು ಮಹಡಿಯನ್ನು ಆಕೆ ಸೆರಗಿನ ಕೆಳಗೆ ಪ್ಲಾಸ್ಟರಿನ ಕೈ ಇಟ್ಟುಕೊಂಡು ಹತ್ತಿದಳು.

ಬೋರಸೆ ವಕೀಲರು ದಪ್ಪ ಕನ್ನಡಕದ ಸಾವಧಾನದ ಮನುಷ್ಯ. ಮೇಜಿನ ಮೇಲೆ ಒಂದು ಕಡೆ ವಕಾಲತ್ತು ಪತ್ರ ಇಟ್ಟಿದ್ದರು. ಅದಕ್ಕೆ ನಾನು ಸಹಿ ಹಾಕಿದರೆ ಅವರು ನನ್ನ ವಕೀಲರು. ಇನ್ನೊಂದು ಕಡೆ ಠಾಣೆಯ ಕಾಗದಗಳ ನಕಲು. ಮೊದಲು ನನ್ನ ಹೇಳಿಕೆ ಓದಿದರು. ಮೂರು ಪುಟ. ಅದರ ಪ್ರಕಾರ ನಾನು ಅತ್ಯಂತ ಎಚ್ಚರಿಕೆಯ ಚಾಲಕ, ಟ್ರ್ಯಾಕ್ಟರು ಆಕಾಶದಿಂದ ಬಿದ್ದದ್ದು. "ಛಾನ್" ಎಂದು ಮೆಚ್ಚಿದರು. ಆಮೇಲೆ ಮುದುಕನ ಹೇಳಿಕೆ ಎತ್ತಿಕೊಂಡರು. ಅದು ಅರ್ಧ ಪುಟ. ಮರಾಠಿಯಲ್ಲಿ ನಿಧಾನವಾಗಿ ಓದಿದರು: "ನಾನು ಮಾರುಕಟ್ಟೆಯ ಕಡೆ ಹೊರಳುವಾಗ ಕೈ ತೋರಿಸುವುದನ್ನು ಮರೆತೆ, ಅದು ನನ್ನ ತಪ್ಪು. ಹೊರಳುತ್ತ ಹಿಂದೆ ನೋಡಿದಾಗ ಕಾರಿನ ಸಾಹೇಬರು ಬ್ಯಾಂಕಿನ ಕಡೆ ನೋಡುತ್ತಿದ್ದರು. ಅವರ ಮನೆಯವರು ಕೂಗಿದ್ದು ನನಗೂ ಕೇಳಿಸಿ ನಾನು ಬ್ರೇಕು ಹಾಕಿದೆ. ಆ ತಾಯಿಯ ಕೈಗೆ ಪೆಟ್ಟಾದದ್ದಕ್ಕೆ ನನಗೆ ಬಹಳ ಕೆಟ್ಟದೆನಿಸಿದೆ." ಇಷ್ಟೇ ಇದ್ದದ್ದು.

ನಾನು ಹೆಂಡತಿಯ ಕಡೆ ನೋಡಲಿಲ್ಲ. ವಕೀಲರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕಾಗದದ ಕೆಳಭಾಗವನ್ನು ಕಣ್ಣ ಹತ್ತಿರ ಹಿಡಿದರು. "ಹೇ ಕಾಯ್ ಆಹೇ, ದೇಶಪಾಂಡೆ ಸಾಹೇಬ?" ಎಂದು, ಇದೇನು ಎನ್ನುವಂತೆ, ನನ್ನ ಮುಂದೆ ಇಟ್ಟರು.

ಮುದುಕನಿಗೆ ಸಹಿ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿದ್ದ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒಂಟಿಯಾಗಿ ಇರಕೂಡದು. ಯಾರು ಒತ್ತಿದರೂ ಅದರ ಪಕ್ಕದಲ್ಲಿ ಒಬ್ಬ ಅಧಿಕಾರಿ "ಇಂಥವರ ಎಡಗೈ ಹೆಬ್ಬೆಟ್ಟು, ನನ್ನ ಸಮಕ್ಷಮ ಒತ್ತಿದ್ದು" ಎಂದು ಬರೆದು ಸಹಿ ಮಾಡಬೇಕು, ಕೆಳಗೆ ತನ್ನ ಸಹಿಯ ನಂಬರು ಹಾಕಬೇಕು. ಘೋಟಿಯಲ್ಲಿ ಬತ್ತದ ರೈತರ ಹೆಬ್ಬೆಟ್ಟು, ಔರಂಗಾಬಾದಿನಲ್ಲಿ ಪಿಂಚಣಿಯ ಮುದುಕಿಯರ ಹೆಬ್ಬೆಟ್ಟು, ಅಲ್ಲೇ ಹತ್ತಿರದ ಬಿಡಕಿನ್ ಊರಿನಲ್ಲಿ ಸಾಲದ ಮೇಳ ನಡೆದಾಗ ಒಂದೇ ದಿನ ನೂರಾರು ಹೆಬ್ಬೆಟ್ಟು. ಎಷ್ಟೋ ವರ್ಷ ಹೆಬ್ಬೆಟ್ಟು ಕಂಡಲ್ಲೆಲ್ಲ ನನ್ನ ಕೈ ನನ್ನನ್ನು ಕೇಳದೆ ಹೀಗೆ ಬರೆದಿದೆ. ಚಾಂದವಡದ ಠಾಣೆಯಲ್ಲಿಯೂ ಬರೆದಿತ್ತು. ಮುದುಕನ ಹೇಳಿಕೆಯ ಕೆಳಗೆ, ಅವನ ಹೆಬ್ಬೆಟ್ಟಿನ ಪಕ್ಕದಲ್ಲಿ, ದುಂಡಗಿನ ಅಕ್ಷರಗಳಲ್ಲಿ, ನನ್ನ ಸಮಕ್ಷಮ ಒತ್ತಿದ್ದು ಎಂದು ಬರೆದು ನನ್ನ ಪೂರ್ಣ ಸಹಿ, ಕೆಳಗೆ ಬ್ಯಾಂಕಿನ ನಂಬರು. ಹವಾಲ್ದಾರರು ಒಂದೆಡೆ ಶಬ್ದ ಹೊಡೆದು ತಿದ್ದಿದ್ದರು. ಆ ತಿದ್ದುಪಡಿಯ ಮೇಲೂ ನನ್ನ ಸಣ್ಣ ಸಹಿ.

"ಇಪ್ಪತ್ತೆಂಟು ವರ್ಷ ವಕೀಲಿ ಮಾಡಿದ್ದೇನೆ" ಎಂದರು ಬೋರಸೆಯವರು. "ಎದುರು ಪಾರ್ಟಿಯ ಹೇಳಿಕೆ ಸುಳ್ಳು ಎನ್ನುವ ಕಕ್ಷಿದಾರರನ್ನು ದಿನಾ ನೋಡುತ್ತೇನೆ. ಅದಕ್ಕೆ ತಾನೇ ದೃಢೀಕರಣ ಮಾಡಿಕೊಟ್ಟವರನ್ನು ಇವತ್ತೇ ನೋಡಿದ್ದು." ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ನಾನು ಕೂತ ಕುರ್ಚಿಯಲ್ಲಿ ಸಣ್ಣವನಾಗುತ್ತ ಹೋದೆ. ಇಪ್ಪತ್ತು ವರ್ಷ ಗಿರಾಕಿಗಳಿಗೆ ಓದಿ ಸಹಿ ಮಾಡಿ, ಓದಿ ಸಹಿ ಮಾಡಿ ಎಂದು ಗಂಟಲು ಹರಿದುಕೊಂಡವನು ನಾನು.

ಆದರೆ ಒಳ್ಳೆಯ ವಕೀಲರು ಅಷ್ಟಕ್ಕೆ ಕೈ ಬಿಡುವುದಿಲ್ಲ. "ಘಾಬರಾಯಚಂ ನಾಹೀ" ಎಂದು ಧೈರ್ಯ ಹೇಳಿದರು. ಹೆಬ್ಬೆಟ್ಟು ಅವನದೇ ಎಂದು ನೀವು ಹೇಳಿದ್ದೀರಿ, ಅವನು ಹೇಳಿದ್ದು ನಿಜ ಎಂದು ಹೇಳಿಲ್ಲ. ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಆದರೆ ಈಗ ಇದು ಅವನ ಮಾತಿಗೆ ಎದುರಾಗಿ ನಿಮ್ಮ ಮಾತು. ಕಾರಿನಲ್ಲಿ ಇನ್ನೊಬ್ಬರು ಇದ್ದರಲ್ಲ. ಪತಿಯ ಕಣ್ಣು ರಸ್ತೆಯ ಮೇಲೆಯೇ ಇತ್ತು ಎಂದು ಮ್ಯಾಡಮ್ ಒಂದು ಮಾತು ಹೇಳಿದರೆ ಕೇಸು ಗಟ್ಟಿಯಾಗಿ ನಿಲ್ಲುತ್ತದೆ. ಹೀಗೆಂದು ವಕಾಲತ್ತು ಪತ್ರವನ್ನು ನನ್ನ ಕಡೆ ಸರಿಸಿ, ಪೆನ್ನಿನ ಟೊಪ್ಪಿಗೆ ತೆಗೆದು, ಶಕುಂತಲೆಯ ಕಡೆ ತಿರುಗಿದರು.

ಶಕುಂತಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, ಬಹಳ ಮೆತ್ತಗೆ ಕೇಳಿದಳು: "ನಾ ಏನು ಹೇಳ್ಲಿರಿ?"

ಅದರಲ್ಲಿ ವ್ಯಂಗ್ಯವಿರಲಿಲ್ಲ, ಸಿಟ್ಟಿರಲಿಲ್ಲ. ನಾನು ಹೇಳು ಎಂದಿದ್ದರೆ ಆಕೆ ಹೇಳುತ್ತಿದ್ದಳೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ನನಗಾಗಿ ಹೇಳಬೇಕಾದೀತೆಂದು ಮೂರು ವಾರ ಒಳಗೊಳಗೇ ಬೆಂದಿದ್ದಾಳೆ ಎನ್ನುವುದು ಆ ಒಂದು ಪ್ರಶ್ನೆಯಲ್ಲಿ ತಿಳಿಯಿತು. ಮುರಿದ ಕೈಯೂ ಆಕೆಯದು, ಸುಳ್ಳಿನ ಭಾರವೂ ಆಕೆಯದೇ ಎಂದರೆ ನನ್ನ ಪಾಲಿಗೆ ಉಳಿದದ್ದೇನು, ಹೆರಳು ಹಾಕುವುದೊಂದೇ? ಬಹಳ ನಾಚಿಕೆಯಾಯಿತು. ಪೆನ್ನಿನ ಟೊಪ್ಪಿಗೆಯನ್ನು ನಾನೇ ಮತ್ತೆ ಹಾಕಿ ವಕೀಲರ ಕಡೆ ಸರಿಸಿದೆ. ಕೇಸು ಬೇಡ, ನಿಮಗೆ ತೊಂದರೆ ಕೊಟ್ಟೆ ಎಂದೆ. "ಆ ಮುದುಕರು ಬರೆಸಿದ್ದು ಸರಿಯಿದೆ" ಎಂದೆ. ಬೋರಸೆಯವರು ನನ್ನನ್ನೂ ನೋಡಿ ಆಕೆಯನ್ನೂ ನೋಡಿ, ಕಾಗದಗಳನ್ನು ಸೇರಿಸಿ ದಾರ ಕಟ್ಟಿ, ಈಗ ಚಹಾ ಕುಡಿದೇ ಹೋಗಬೇಕು ಎಂದು ಒತ್ತಾಯ ಮಾಡಿದರು.

ಕೆಳಗಿಳಿದು ರಿಕ್ಷಾ ಹಿಡಿದೆವು. ವಕೀಲರೆದುರು ಮರಾಠಿಯಲ್ಲಿ ಹೇಳುವುದು ಬೇರೆ, ಹೆಂಡತಿಯೆದುರು ಕನ್ನಡದಲ್ಲಿ ಹೇಳುವುದು ಬೇರೆ ಎಂದು ಆಗ ಗೊತ್ತಾಯಿತು. ಗಂಗಾಪುರ ರಸ್ತೆಯಲ್ಲಿ ಎರಡು ಸಿಗ್ನಲ್ ದಾಟಿದ ಮೇಲೆ ಹೇಳಿದೆ: "ನಾ ಅವತ್ತು ಆ ಬ್ಯಾಂಕಿನ ಕಡೆ ನೋಡ್ಲಿಕ್ಹತ್ತಿದ್ದೆ. ಮಂದಿ ಎಣಿಸ್ಲಿಕ್ಹತ್ತಿದ್ದೆ. ತಪ್ಪು ನಂದು. ನಿನ್ನ ಕೈ ಮುರಿದದ್ದು ನನ್ನಿಂದ."

ಆಕೆ ಎಡಗೈಯಿಂದ ಕಣ್ಣಂಚು ಒರೆಸಿಕೊಂಡಳು.

"ಇಷ್ಟು ಹೇಳ್ಲಿಕ್ಕೆ ನಿಮಗ ವಕೀಲರು ಬೇಕಾದ್ರೇನು?" ಎಂದಳು.

ಇಲ್ಲಿಗೆ ನಾನು ಸುಮ್ಮನಿರಬೇಕಾಗಿತ್ತು. ಮನಸ್ಸು ಹೂವಿನ ಹಾಗೆ ಹಗುರಾಗಿತ್ತು, ಆಕೆ ಮೂರು ವಾರದ ನಂತರ ಮೊದಲ ಸಲ ನನಗೆ ಆತು ಕೂತಿದ್ದಳು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಪೂರ್ತಿ ಸೋತೆ ಎಂದಾಗಬಾರದಲ್ಲ ಎಂದು ನಾಲಿಗೆ ತಾನಾಗಿ ಹೊರಳಿತು. "ಹಂಗಂತ ತಪ್ಪು ಪೂರಾ ನಂದೇ ಅಂತಲ್ಲ, ಶಕ್ಕೂ. ಅಂವಾನೂ ಹೊಳ್ಳೂ ಮುಂದ ಕೈ ತೋರಿಸಲಿಲ್ಲಲ್ಲ?"

"ತೋರಿಸಿದ್ರ ನೋಡವರು ಯಾರಿದ್ರು?" ಎಂದಳು.

ಈ ಪ್ರಶ್ನೆಗೆ ನನ್ನ ಪರವಾಗಿ ಉತ್ತರ ಕೊಡಬಲ್ಲ ವಕೀಲರು ಯಾರಾದರೂ ಇದ್ದರೆ ಇವತ್ತೇ ತಿಳಿಸಿ. ಇಟ್ಟುಕೊಳ್ಳಬೇಕೋ ಬೇಡವೋ ಎಂದು ಈ ಸಲ ನಾನು ಒಂದು ಕ್ಷಣವೂ ವಿಚಾರ ಮಾಡುವುದಿಲ್ಲ.